ಶೌಕತ ಅಲಿ ಚಾಚಾರ ಬಲಗೈ

ಶಹಾಬಾದಿನ ನಮ್ಮ ನೆಲಹಾಸು ಫರಸಿಕಲ್ಲಿನ ಕಾರ್ಖಾನೆಯಲ್ಲಿ ಯಾವ ಕಲ್ಲೂ ಶೌಕತ ಅಲಿ ಚಾಚಾರ ಸುತ್ತಿಗೆ ತಪ್ಪಿಸಿ ಲಾರಿ ಹತ್ತುತ್ತಿರಲಿಲ್ಲ. ಅಂಚಿಗೊಂದು ಪೆಟ್ಟು. ಗಂಟೆಯಂತೆ ನುಡಿದರೆ ಪಾಸು, ದನಿ ಮಂದವಾದರೆ ಒಳಗೆ ಬಿರುಕು. ತಲೆ ಬೆಳ್ಳಗಾಗುವವರೆಗೂ ಅವರದು ಅದೇ ಕೆಲಸ.

ಹೋದ ವರ್ಷ ಲಕ್ವಾ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿ ಬಿದ್ದುಹೋಯಿತು. ಕಲ್ಲು ಹೊರುತ್ತಿದ್ದ ನನಗೆ ಸುತ್ತಿಗೆ ಬಂತು, ಕೂರಲು ನೆರಳೂ ಬಂತು. ಕಣ್ಣು ಮುಚ್ಚಿ ಕಲ್ಲಿನ ದನಿ ಕೇಳುವ ನಟನೆಯನ್ನೂ ಕಲಿತೆ. ಆದರೂ ಮಾಲೀಕರು ಮಾತಿಗೊಮ್ಮೆ, "ಚಾಚಾ ಇದ್ದಿದ್ರ..." ಎನ್ನುತ್ತಿದ್ದರು. ಹಾಸಿಗೆ ಹಿಡಿದವರ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಊರಿಗೆಲ್ಲ ನಾನೊಬ್ಬನೇ ಇರಬೇಕು.

ಎಡಗೈಯಲ್ಲಿ ಉಣ್ಣಲು ಚಾಚಾ ಒಪ್ಪುತ್ತಿರಲಿಲ್ಲ. ಹೀಗಾಗಿ ಸಂಜೆ ನಾನೇ ಹೋಗಿ ತುತ್ತು ಮಾಡಿ ಉಣಿಸುತ್ತಿದ್ದೆ. ಓಣಿಯೆಲ್ಲ ಹೊಗಳಿತು. ವ್ಯಾಯಾಮ ಮಾಡಿಸಲು ಬಂದ ಅಂಬಿಕಾ ಮೇಡಂ ಮಾತ್ರ ಬೈದರು:

"ನಿಮ್ಮ ಸೇವಾ ಸಾಕ್ ಮಾಡ್ರಿ! ಮಿದುಳಿನ್ಯಾಗ ಸತ್ತ ನರಕೋಶ ಹೊಳ್ಳಿ ಬರೋದಿಲ್ಲ. ಬಾಜೂ ಇದ್ದವು ಹೊಸ ಟೊಂಗಿ ಬಿಟ್ಟು ಆ ಕೆಲಸ ಕಲೀತಾವ. ಅಲ್ಲೇ ಸಣ್ಣ ಸಣ್ಣ ರಕ್ತನಾಳ ಹುಟ್ಟಿ ಅವಕ್ಕ ಉಣಸ್ತಾವ. ಆದ್ರ ಕೈ ದುಡಿದ್ರನೇ ಆ ದಾರಿ ಗಟ್ಟಿ ಆಗ್ತದ. ಎಲ್ಲಾ ನೀವೇ ಮಾಡಿದ್ರ ಅವು ಯಾಕ್ ಕಲೀತಾವ?"

ಬಿದ್ದವರ ಕೆಲಸ ಪಕ್ಕದವರು ಹಿಡಿಯುವುದು ನನಗೇನೂ ಹೊಸದಲ್ಲ. ಆದರೆ ಆ ಮುದಿ ತಲೆ ಟೊಂಗೆ ಬಿಡುತ್ತಿದೆಯೆಂದರೆ! ಎಸ್ಸೆಸ್ಸೆಲ್ಸಿ ಫೇಲಾದ ನನ್ನ ತಲೆಯಲ್ಲಿ ಇಂದಿಗೂ ಒಂದು ಚಿಗುರಿಲ್ಲ.

ಮೇಡಂ ಹೇಳಿದಂತೆ ಚಾಚಾರ ಹೆಂಡತಿ ಲತೀಫಾ ಚಾಚಿ ಊಟದ ಹೊತ್ತಿಗೆ, ಬಲಗೈಗೆ ಆಸರೆಯೂ ಆಗದಂತೆ, ಅವರ ಎಡಗೈಯನ್ನು ಟವೆಲಿನಿಂದ ಕಟ್ಟತೊಡಗಿದರು. "ಈಗ ಹಸಿವಾದ್ರ ತಾನೇ ಏಳ್ತದ ನೋಡ್ರಿ ಆ ಕೈ!" ಮೊದಮೊದಲು ರೊಟ್ಟಿ ತೊಡೆಯ ಮೇಲೆ ಬಿತ್ತು, ಆಮೇಲೆ ಬಾಯಿಗೆ ಹೋಯಿತು. ನನಗೆ ಊಟ ರುಚಿಸದಾಯಿತು.

ಮೊನ್ನೆ ಚಾಚಾ ಕಾರ್ಖಾನೆಗೇ ಬಂದರು.

"ಕಪಿಲ, ಸುತ್ತಿಗಿ ತಾ ಬೇಟಾ."

ಕೊಟ್ಟೆ. ಎತ್ತುವಷ್ಟರಲ್ಲೇ ಜಾರಿ ಬಿತ್ತು. ಖುಷಿ ಮುಚ್ಚಿಕೊಂಡು ತೆಗೆದುಕೊಡಲು ಬಾಗಿದೆ.

"ಮುಟ್ಟಬ್ಯಾಡ!"

ನಡುಗುವ ಬೆರಳುಗಳಲ್ಲಿ ತಾವೇ ಎತ್ತಿದರು, ಹೊಡೆದರು. ಕಲ್ಲು ನುಡಿಯಿತು.

ಮಾಲೀಕರು ಕುರ್ಚಿ ಬಿಟ್ಟೆದ್ದರು. "ನಾಳಿಂದ ಮುಂಜಾನಿ ಚಾಚಾ. ಊಟ ಆದಮ್ಯಾಲ ಕಪಿಲ. ಚಾಚಾಗ ದಣಿವಾಗಬಾರದು."

ಇಂದು ಮುಂಜಾನೆ ಬಿಸಿಲಲ್ಲಿ ಕಲ್ಲು ಹೊರುತ್ತ ಆ ಬಲಗೈಯನ್ನೇ ನೋಡುತ್ತಿದ್ದೆ, ಬೇಗ ದಣಿಯಲೆಂದು. ಊಟದ ಗಂಟೆ ಹೊಡೆದರೂ ಅದು ಸುತ್ತಿಗೆ ಬಿಡಲಿಲ್ಲ.