ಲಕ್ಕಿ ಕಡ್ಡಿಯ ಎರಡು ಮಂಕರಿ

ಅಥವಾ ಆ ಬೆಳಿಗ್ಗೆ ಇಬ್ಬನಿಯೇ ಬಿದ್ದಿರಲಿಲ್ಲವೇನೋ. ಬಿದ್ದಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗ ಇಬ್ಬನಿಯನ್ನು ತೆಗೆದುಬಿಟ್ಟರೆ ಉಳಿದದ್ದೂ ಕಳಚಿಕೊಳ್ಳುತ್ತದೆ ಎನ್ನುವ ಅಂಜಿಕೆ. ಚಳಿಗಾಲ ಅನ್ನುವುದು ಮಾತ್ರ ಖಂಡಿತ. ರಾಗಿ ಕೊಯ್ದು ಮೆದೆ ಒಟ್ಟಿ ಆಗಿತ್ತು, ಕಣ ಇನ್ನೂ ಮಾಡಿರಲಿಲ್ಲ. ವರ್ಷ ಯಾವುದು? ಎರಡು ಸಾವಿರ ದಾಟಿತ್ತು. ನನ್ನ ಕೈಗೆ ಮೊಬೈಲ್ ಬಂದಿತ್ತು, ಊರಿಗೆ ಸಿಗ್ನಲ್ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲಾರೆ.

ಕೈಲಾಂಚ ಹೋಬಳಿಯ ನಮ್ಮೂರಲ್ಲಿ ಬಿದಿರಿನ ಬುಟ್ಟಿಗಳು ಸಂತೆಯಿಂದ ಬರುತ್ತಿದ್ದವು. ಮಂಕರಿ ಮಾತ್ರ ಮನೆಯಲ್ಲೇ ಆಗಬೇಕು. ಸೊಪ್ಪು, ತೆನೆ, ಗೊಬ್ಬರ ಹೊರುವ ದೊಡ್ಡ ಬುಟ್ಟಿ ಅದು. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಲಕ್ಕಿ ಗಿಡದ ಉದ್ದನೆಯ ಕಡ್ಡಿ ಕಡಿದು ತಂದು, ಎಲೆ ಸವರಿ, ರಾತ್ರಿಯೆಲ್ಲ ಅಂಗಳದಲ್ಲಿ ಹರಡುತ್ತಿದ್ದರು. ಬೆಳಿಗ್ಗೆ ಇಬ್ಬನಿಗೆ ನೆನೆದು ಮೆತ್ತಗಾದ ಕಡ್ಡಿ ಮುರಿಯದೆ ಬಗ್ಗುತ್ತದೆ. ಬಿಸಿಲೇರುವ ಮೊದಲು ಒಂದು ಸುತ್ತು ಮುಗಿಯಬೇಕು. (ಹಾಗಾದರೆ ಇಬ್ಬನಿ ಬಿದ್ದೇ ಇತ್ತು. ಇಲ್ಲದಿದ್ದರೆ ಅವಳು ಹೆಣೆಯಲು ಕೂರುತ್ತಲೇ ಇರಲಿಲ್ಲ.)

ಅವಳು ಅಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ಹೊಂಗನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳನ್ನು ಅಪ್ಪ ಮನೆಗೆ ಕರೆದುಕೊಂಡು ಬಂದಿದ್ದ. ಕರೆತಂದ ದಿನದಿಂದ ಅವಳು ಒಂದು ನಿಮಿಷ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ತವರಿನಲ್ಲಿ ಉಣ್ಣುವ ಅನ್ನಕ್ಕೆ ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಡುತ್ತಿರುವ ಹಾಗೆ ದುಡಿಯುತ್ತಿದ್ದಳು. ರೇಷ್ಮೆ ಹುಳು ಸಾಕುವ ಮನೆ ಪೂರಾ ಅವಳ ಕೈಯಲ್ಲಿತ್ತು. ವಿಧವೆ ಅಲ್ಲಿ ಕಾಲಿಡಬಾರದು ಎನ್ನುವವರು ಊರಲ್ಲಿ ಇದ್ದರು. ಅಮ್ಮನೂ ಮೊದಮೊದಲು ಹಿಂಜರಿದಿದ್ದಳು. ಆದರೆ ಅತ್ತೆ ಕೈಯಾಡಿಸಿದ ಬೆಳೆ ಎರಡು ಮೂರು ಸಲ ಚೆನ್ನಾಗಿ ಬಂದದ್ದೇ, ಆ ಮಾತು ಅಡಗಿತು. ಅಡಗಿತ್ತು, ಅಷ್ಟೇ. ಸತ್ತಿರಲಿಲ್ಲ. ಒಂದು ಬೆಳೆ ಕೆಟ್ಟರೆ ಅವಳಿಗೆ ಆ ಮನೆಯ ಬಾಗಿಲು ಮುಚ್ಚುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನನಗೂ.

ನಾನಾಗ ಬೆಂಗಳೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದೆ, ಕಾಂಟ್ರಾಕ್ಟ್ ಮೇಲೆ. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು. ಬೆಳಿಗ್ಗೆಯ ಪಾಳಿ ಮುಗಿಸಿ ಮಧ್ಯಾಹ್ನ ಬಸ್ಸಿಳಿದರೆ ಊರಿನ ಎಲ್ಲದರ ಬಗ್ಗೆಯೂ ನನಗೊಂದು ಸಲಹೆ ಇರುತ್ತಿತ್ತು. ಅಂಥ ಇನ್ನೊಂದು ಕಾರ್ಖಾನೆಗೆಂದು ನಮ್ಮೂರ ಹಳ್ಳದ ದಂಡೆಗೂ ತಂತಿ ಬೇಲಿ ಬಿದ್ದಿತ್ತು. ಕಟ್ಟಡ ಎದ್ದಿರಲಿಲ್ಲ, ಕಾವಲುಗಾರ ಮಾತ್ರ ಬಂದಿದ್ದ. ಲಕ್ಕಿ ಗಿಡಗಳು ಬೇಲಿಯ ಆಚೆಗೆ ಉಳಿದವು.

“ಇನ್ನೊಂದ್ ಕಡೆ ಐತೆ,” ಅಂದಳು ಅತ್ತೆ, ದನಿ ತಗ್ಗಿಸಿ. “ಯಾರ್ಗೂ ಹೇಳ್ಬ್ಯಾಡ. ಸುಡ್ಗಾಡಿನ್ ಹಿಂದ್ಗಡೆ. ಯಾರೂ ಮುಟ್ಟಕ್ಕಿಲ್ಲ, ಅದ್ಕೇ ಆಳುದ್ದ ಬೆಳೆದು ನಿಂತವೆ.”

“ದೆವ್ವ ಗಿವ್ವ ಹಿಡ್ಕಂಡ್ರೆ?”

“ನಮ್ಮೋರೇ ಅಲ್ವೇನ್ಲಾ ಅಲ್ಲಿ ಮಲಗಿರೋರು. ನಿಮ್ಮಜ್ಜಿ ನನ್ನ ಏನ್ ಮಾಡಾಳು?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಅಮಾಸೆ ಹತ್ರ ಬರ್ಲಿ. ಬೆಳದಿಂಗಳ ದಿನದಾಗೆ ಕಡುದ್ರೆ ಕುಟ್ಟೆ ಹಿಡೀತದೆ.”

ಕಡ್ಡಿಯನ್ನು ಒಳಗಿನಿಂದ ಹಿಟ್ಟು ಮಾಡಿಬಿಡುವ ಸಣ್ಣ ಹುಳು ಕುಟ್ಟೆ. ಹುಣ್ಣಿಮೆ ಕಳೆದು ಚಂದ್ರ ಕರಗುವ ದಿನಗಳಲ್ಲೇ ಮರ, ಬಿದಿರು, ಕಡ್ಡಿ ಕಡಿಯಬೇಕು ಎನ್ನುವುದು ನಮ್ಮ ಕಡೆಯ ರೂಢಿ.

“ಅಮಾಸೆ ಹತ್ರ ನಂಗೆ ರಜ ಸಿಗಕಿಲ್ಲ ಅತ್ತೆ. ಈ ಭಾನ್ವಾರ ಬುಟ್ರೆ ಇಲ್ಲ.”

“ನಿನ್ ಪ್ಯಾಕ್ಟ್ರಿಯೋರ್ಗೆ ಚಂದ್ರ ಕಾಣಕ್ಕಿಲ್ವಾ?”

“ಕಾಣ್ತನೆ. ಓವರ್‌ಟೈಮ್ ಮಾಡ್ತಾ ನೋಡ್ತೀವಿ.”

ನನ್ನ ರಜವೇ ಗೆದ್ದಿತು. ಬೆಳೆಯುವ ಚಂದ್ರನ ದಿನಗಳಲ್ಲೇ ಕಡಿದೆವು. ಎರಡು ಹೊರೆ ಹೊತ್ತು ತಂದದ್ದು ನಾನು, ಸವರಿದ್ದು ಅವಳು. ಕುಟ್ಟೆಯ ಮಾತನ್ನು ಅವಳು ಮತ್ತೆ ಎತ್ತಿದಾಗ, “ಅದಕ್ಕೆ ನನ್ ಹತ್ರ ಔಷ್ದಿ ಐತೆ ಬುಡು” ಎಂದಿದ್ದೆನೇ? ಎಂದಿದ್ದರೆ, ಮುಂದಿನದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಇದನ್ನು ಬರೆಯುವಾಗ ಒಂದು ಸಲ ಎಂದಿದ್ದೆ ಅನ್ನಿಸುತ್ತದೆ, ಒಂದು ಸಲ ಮನಸ್ಸಿನಲ್ಲೇ ಅಂದುಕೊಂಡೆ ಅನ್ನಿಸುತ್ತದೆ.

ಹೆಣೆದದ್ದು ಮಾತ್ರ ನಿಚ್ಚಳವಾಗಿದೆ. ದಪ್ಪ ಕಡ್ಡಿಗಳನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು ತಳ ಹಾಕುವಾಗ ಯಾರಾದರೂ ಅದರ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಕಡ್ಡಿ ಪುಟಿಯುತ್ತದೆ. “ನಿಂತ್ಕೋ ಮ್ಯಾಲೆ. ಕ್ಯಾಂಟೀನ್ ಅನ್ನ ತಿಂದು ತೂಕ ಬಂದೈತೆ, ಒಸಿ ನಮ್ ಕೆಲ್ಸಕ್ಕೂ ಆಗ್ಲಿ” ಎಂದಳು. ಪಾಳಿಗೆ ಹೊರಟಿದ್ದ ನಾನು ಶೂ ಹಾಕಿಕೊಂಡೇ ನಿಂತೆ. ಅವಳು ನನ್ನ ಪಾದಗಳ ಸುತ್ತ ತೆಳುವಾದ ಕಡ್ಡಿಯನ್ನು ಒಂದರ ಮೇಲೆ, ಒಂದರ ಕೆಳಗೆ ಎಳೆಯುತ್ತ ಸುತ್ತಿದಳು. ತಳ ಬಿಗಿಯಾದ ಮೇಲೆ ನನ್ನ ಕಾಲಿಗೆ ಒಂದೇಟು ಕೊಟ್ಟು ಇಳಿಸಿದಳು. ನಾಲ್ಕು ಬೆಳಿಗ್ಗೆಗೆ ಎರಡು ಮಂಕರಿಗಳಾದವು. ಹಿತ್ತಲಿನ ಗೋಡೆಗೆ ಒರಗಿಸಿದಳು. ಲಕ್ಕಿಯ ವಾಸನೆ ಖಾರ, ಮೂಗಿಗೆ ಹತ್ತುವಂಥದ್ದು. ಹಿತ್ತಲೆಲ್ಲ ಅದೇ.

ಕಾರ್ಖಾನೆಯಲ್ಲಿ ಸಾಮಾನು ತುಂಬುವ ಮರದ ಪೆಟ್ಟಿಗೆಗಳಿಗೆ ಹುಳು ಬೀಳದಿರಲೆಂದು ಒಂದು ಔಷಧಿ ಹೊಡೆಯುತ್ತಿದ್ದೆವು. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಅರ್ಧ ತುಂಬಿಕೊಂಡು, ಊಟದ ಡಬ್ಬಿಯ ಚೀಲದಲ್ಲಿಟ್ಟು ಗೇಟು ದಾಟಿಸಿದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಸೊಪ್ಪು ಕೊಯ್ಯಲು ಹೋಗಿದ್ದರು. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ ಎರಡೂ ಮಂಕರಿಗಳ ಒಳಗೂ ಹೊರಗೂ ಚಿಮುಕಿಸಿದೆ. ಹೆಮ್ಮೆಯಿಂದಲೇ ಚಿಮುಕಿಸಿದೆ. ಬೆಳದಿಂಗಳಲ್ಲಿ ಕಡಿದ ಕಡ್ಡಿ ವರ್ಷಗಟ್ಟಲೆ ಬಾಳಿದಾಗ ಅತ್ತೆಯ ಮುಂದೆ ಹೇಳಬೇಕೆಂದಿದ್ದ ಮಾತನ್ನೂ ಸಿದ್ಧಮಾಡಿಟ್ಟುಕೊಂಡೆ.

ಗೊಬ್ಬರದ ಮಂಕರಿಗೆ ಏನಾದರೇನು ಎಂದುಕೊಂಡೆ. ಇದನ್ನು ನಾನು ನಂಬಬೇಕೆಂದು ಬಯಸುತ್ತೇನೆ. ಆದರೆ ನಮ್ಮ ಮನೆಯಲ್ಲಿ ಹೊಸ ಮಂಕರಿ ಮೊದಲು ಹೊರುವುದು ಹಿಪ್ಪುನೇರಳೆ ಸೊಪ್ಪನ್ನು. ಅದು ಸಡಿಲವಾದ ಮೇಲೆ ರಾಗಿ ತೆನೆ, ತೀರಾ ಹಳೆಯದಾದ ಮೇಲೆ ಗೊಬ್ಬರ. ಗೊಬ್ಬರ ಹೊತ್ತ ಮಂಕರಿ ಮತ್ತೆ ಸೊಪ್ಪಿಗೆ ಬರುವಂತಿಲ್ಲ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಯಾಕೆಂದರೆ ಕಲಿಸುವ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ಹುಟ್ಟಿದವನಿಗೆ ಅದು ಗೊತ್ತಿರುತ್ತದೆ. ಹುಳುಗಳ ಹತ್ತಿರ ಸೊಳ್ಳೆ ಬತ್ತಿ ಹಚ್ಚಬಾರದು, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು ಎನ್ನುವುದೂ ಗೊತ್ತಿತ್ತು. ಗೊತ್ತಿದ್ದೂ ಮರೆತೆ ಅನ್ನಲೇ? ಕಾರ್ಖಾನೆ ಸೇರಿ ಎರಡು ವರ್ಷಕ್ಕೆ ಅಷ್ಟು ಮರೆಯುತ್ತದೆಯೇ?

ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಕಳಚುವಾಗ ಮೇವು ಬಿಟ್ಟು ಮಲಗುತ್ತವಲ್ಲ, ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಗೂಡು ಕಟ್ಟುವವರೆಗೆ ಹಗಲೂ ರಾತ್ರಿ ತಿನ್ನುತ್ತವೆ, ಮಳೆ ಬಿದ್ದಂತೆ ಸದ್ದು. ಅತ್ತೆ ಹೊಸ ಮಂಕರಿಗಳಲ್ಲಿ ಸೊಪ್ಪು ತುಂಬಿ, ಬಾಡದಿರಲೆಂದು ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿಟ್ಟಿದ್ದಳು. ಆ ಸೊಪ್ಪನ್ನೇ ಹುಳುಗಳಿಗೆ ಹಾಕಿದಳು. ನಾನು ಮಾರನೇ ದಿನ ಪಾಳಿ ಮುಗಿಸಿ ಬಂದಾಗ ಹುಳದ ಮನೆಯಲ್ಲಿ ಸದ್ದಿರಲಿಲ್ಲ. ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ ಅಲ್ಲಾಡಿಸುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಗಿಡ್ಡವಾಗಿ ಮುದುಡಿದ್ದವು.

ಅಪ್ಪ ಬಾಗಿಲಲ್ಲಿ ಕೂತಿದ್ದ. ಪಕ್ಕದ ಮನೆಯ ದೊಡ್ಡಪ್ಪ, ನಾಲ್ಕು ದಶಕ ಹುಳ ಸಾಕಿದವನು, ಒಂದನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದ.

“ಇದು ರೋಗ ಅಲ್ಲ ಕಣಪ್ಪ. ಏನೋ ತಾಕದೆ.”

“ಏನ್ ತಾಕ್ತದೆ? ಯಾರೂ ಒಳಕ್ಕೆ ಬಂದಿಲ್ಲ. ಅಕ್ಕ ಬುಟ್ರೆ.”

ಆ “ಬುಟ್ರೆ” ಬಿದ್ದಾಗ ಅಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ದೊಡ್ಡಪ್ಪನ ಕಣ್ಣು ಮಂಕರಿಗಳ ಮೇಲೆ ಹೋಯಿತು.

“ಇವು ಹೊಸವಲ್ವಾ? ಕಡ್ಡಿ ಎಲ್ಲಿಂದ?”

“ಹಳ್ಳದಿಂದ,” ಎಂದಳು ಅತ್ತೆ.

“ಹಳ್ಳಕ್ಕೆ ತಂತಿ ಬಿದ್ದು ವರ್ಷ ಆಯ್ತಲ್ಲವ್ವ.”

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ, ಎರಡೂ ಒಂದೇ ಸಲ ನಿಜವಾಗಲಾರವು. ಒಂದರಲ್ಲಿ ದೊಡ್ಡಪ್ಪನೇ ಊಹಿಸುತ್ತಾನೆ, “ಸುಡ್ಗಾಡಿಂದ ತಂದ್ರಾ?” ಎನ್ನುತ್ತಾನೆ, ನಾನು ಸುಮ್ಮನೆ ನೆಲ ನೋಡುತ್ತೇನೆ. ಬಹಳ ವರ್ಷ ಇದನ್ನೇ ಇಟ್ಟುಕೊಂಡಿದ್ದೆ. ನೆಲ ನೋಡುವುದು ಸಣ್ಣ ತಪ್ಪು, ಹೊತ್ತುಕೊಂಡು ತಿರುಗಬಹುದು. ಆದರೆ ದೊಡ್ಡಪ್ಪ ಆ ಗಿಡಗಳನ್ನು ನೋಡಿದ್ದವನಲ್ಲ. ಆ ಜಾಗ ಗೊತ್ತಿದ್ದದ್ದು ಇಬ್ಬರಿಗೆ. ಅತ್ತೆ ಹೇಳಿರಲಾರಳು. ಹಾಗಿದ್ದ ಮೇಲೆ ಎರಡನೆಯದೇ ಉಳಿಯುತ್ತದೆ. ಅದರಲ್ಲಿ ನನ್ನದೇ ದನಿ ಹೇಳುತ್ತದೆ:

“ಸುಡ್ಗಾಡಿನ್ ಹಿಂದ್ಗಡೆಯಿಂದ ಕಣ್ ದೊಡ್ಡಪ್ಪ. ನಾನ್ ಬ್ಯಾಡ ಅಂದೆ, ಅತ್ತೆ ಕೇಳ್ನಿಲ್ಲ.”

ನಾನು ಬೇಡ ಅಂದಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದಳೇ ಎಂಬುದು ನೆನಪಿಲ್ಲ. ನೆನಪಿರಬೇಕಿತ್ತು. ಅಮ್ಮ, “ಅಯ್ಯೋ ಅತ್ಗೆಮ್ಮ, ಹುಳಕ್ಕೆ ಹಾಕೋ ಸೊಪ್ಪಿಗೆ ಸುಡ್ಗಾಡಿನ್ ಕಡ್ಡಿಯಾ?” ಎಂದದ್ದು ನೆನಪಿದೆ. ಅಪ್ಪ ಜೋರಾಗಿ ಏನೂ ಅನ್ನಲಿಲ್ಲ. ಅವನ ದನಿ ಎಂದಿಗಿಂತ ಮೆತ್ತಗಿತ್ತು.

“ಇನ್ಮ್ಯಾಕೆ ನೀನು ಹುಳದ್ ಮನೆಗೆ ಬರ್ಬ್ಯಾಡಕ್ಕ. ಹೊಲದ್ ಕೆಲ್ಸ ನೋಡ್ಕೋ.”

“ಆಯ್ತಪ್ಪ,” ಎಂದಳು.

ಮಂಕರಿಗಳನ್ನು ಸುಡಬೇಕು ಎಂದ ದೊಡ್ಡಪ್ಪ. ಯಾರೂ ನನಗೆ ಹೇಳಿರಲಿಲ್ಲ, ನಾನೇ ಮುಂದೆ ಬಂದು ಎರಡನ್ನೂ ಎತ್ತಿಕೊಂಡೆ. ತಿಪ್ಪೆಯ ಆಚೆಗೆ ಒಯ್ದು ಸೀಮೆಎಣ್ಣೆ ಸುರಿದೆ. ಹಸಿ ಕಡ್ಡಿ ಬೇಗ ಹತ್ತಲಿಲ್ಲ. ಡಬ್ಬಿಯ ಚೀಲದಲ್ಲಿದ್ದ ಔಷಧಿಯ ಬಾಟಲಿಯನ್ನೂ ಅದರೊಳಗೇ ತುರುಕಿದೆ. “ನಮ್ ಹುಡ್ಗ ಹೇಳಿಸ್ಕಳ್ದೆ ಮಾಡ್ತಾನೆ ನೋಡು” ಎಂದು ಅಮ್ಮ ಯಾರಿಗೋ ಹೇಳಿದ್ದು ಕೇಳಿಸಿತು. ಹೊಗೆಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೇ. ಅಳು ಬಂತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ನನಗೆ ಆಗ ಆದದ್ದು ನೆಮ್ಮದಿ. ಸಾಕ್ಷಿ ಸುಟ್ಟಿತು ಎನ್ನುವ ನೆಮ್ಮದಿ.

ಅತ್ತೆ ಆಮೇಲೂ ತಿಂಗಳೊಪ್ಪತ್ತು ಇದ್ದಳು. ಹೊಲಕ್ಕೆ ಹೋಗಿ ಬರುತ್ತಿದ್ದಳು. ಹುಳದ ಮನೆಯ ಮುಂದಿನಿಂದ ಹಾಯಬೇಕಾದಾಗ ಹಿತ್ತಲಿಂದ ಸುತ್ತು ಬಳಸಿ ಹೋಗುತ್ತಿದ್ದಳು. ಅಪ್ಪ ನೀಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ತಂದ. ಅವು ಹಗುರವಾಗಿದ್ದವು, ತೊಳೆಯಲು ಸುಲಭ, ಕುಟ್ಟೆ ಹಿಡಿಯುವುದಿಲ್ಲ. ಇದನ್ನೂ ನಾನೇ ಬಾಯಿಬಿಟ್ಟು ಹೇಳಿರಬಹುದು. ಕಣ ಮುಗಿದ ಮೇಲೆ ಒಂದು ದಿನ, ಹೊಂಗನೂರಿನಲ್ಲಿ ಮೈದುನನ ಹೆಂಡತಿಗೆ ಹುಷಾರಿಲ್ಲ, ನೋಡಿಕೊಳ್ಳುವವರಿಲ್ಲ ಎಂದು ಹೊರಟಳು. ಅದು ನೆಪ ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಎರಡು ಸಲ ಇರು ಅಂದ. ಮೂರನೇ ಸಲ ಅನ್ನಲಿಲ್ಲ.

ರಾಮನಗರದ ಬಸ್ ಸ್ಟ್ಯಾಂಡಿನವರೆಗೆ ನಾನೇ ಬೈಕಿನಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದುಕೊಂಡೆ. ಬೈಕಿನ ಮೇಲೆ ಗಾಳಿಗೆ ಕೇಳಿಸುವುದಿಲ್ಲ ಎಂದುಕೊಂಡೆ, ಸ್ಟ್ಯಾಂಡಿನಲ್ಲಿ ಜನ ಎಂದುಕೊಂಡೆ. ಚನ್ನಪಟ್ಟಣದ ಬಸ್ಸು ಬಂತು. ಚೀಲ ಮೇಲೆ ಕೊಟ್ಟೆ. ಅವಳು ಕಿಟಕಿಯ ಹತ್ತಿರ ಕೂತು, ನನ್ನನ್ನು ಕರೆದು, “ಊಟಕ್ ಮುಂಚೆ ಕೈಯ ಚೆನ್ನಾಗಿ ತೊಳ್ಕೋ ಕಣ್ ಮಗ. ಪ್ಯಾಕ್ಟ್ರಿಯಾಗೆ ಏನೇನ್ ಮುಟ್ಟಿರ್ತೀಯೋ” ಎಂದಳು. ನಾನು ತಲೆಯಾಡಿಸಿದೆ. ಬಸ್ಸು ತಿರುಗಿಕೊಂಡಿತು.

ಕಾರ್ಖಾನೆ ಸೇರಿದಾಗಿನಿಂದ ಅವಳು ದಿನವೂ ಹೇಳುತ್ತಿದ್ದ ಮಾತೇ ಅದು? ಅಥವಾ ಅಂದೊಂದೇ ದಿನ ಹೇಳಿದ್ದೇ? ಅಮ್ಮನನ್ನು ಕೇಳಿದ್ದೇನೆ. ಅವಳಿಗೆ ನೆನಪಿಲ್ಲ. ಮುಂದೆ ಹಬ್ಬಕ್ಕೆ, ಮದುವೆಗೆ ಅತ್ತೆ ಬಂದಾಗಲೆಲ್ಲ ನನ್ನ ಜೊತೆ ನಗುತ್ತಲೇ ಮಾತಾಡಿದಳು. ಆ ನಗುವಿನಲ್ಲಿ ಏನೋ ಇತ್ತು ಎಂದು ಈಗ ಹುಡುಕಿದರೆ ಏನು ಬೇಕಾದರೂ ಸಿಗುತ್ತದೆ. ಅವಳು ತೀರಿಕೊಂಡು ಕೆಲವು ವರ್ಷಗಳಾದವು. ಅಪ್ಪ ಇವತ್ತಿಗೂ ಹೊಸದಾಗಿ ಹುಳ ಸಾಕುವವರಿಗೆ ಸುಡುಗಾಡಿನ ಕಡ್ಡಿಯ ಕತೆ ಹೇಳಿ ಎಚ್ಚರಿಸುತ್ತಾನೆ. ಪಕ್ಕದಲ್ಲಿ ನಾನಿದ್ದರೆ ಹೌದೋ ಅಲ್ಲವೋ ಎಂಬಂತೆ ನನ್ನ ಮುಖ ನೋಡುತ್ತಾನೆ. ನಾನು ಹೌದು ಎನ್ನುತ್ತೇನೆ.

ಹುಳುಗಳನ್ನು ಕೊಂದದ್ದು ನನ್ನ ಬಾಟಲಿಯೇ ಎಂದು ಸಾಧಿಸಲಾರೆ. ಆ ದಿನದ ಸೊಪ್ಪು ಯಾವ ತೋಟದ್ದು, ಅಕ್ಕಪಕ್ಕದಲ್ಲಿ ಯಾರಾದರೂ ಔಷಧಿ ಹೊಡೆದಿದ್ದರೇ ಎಂದು ಆಗ ಯಾರೂ ವಿಚಾರಿಸಲಿಲ್ಲ. ನಾನಂತೂ ವಿಚಾರಿಸಲಿಲ್ಲ. ಗೋಡೆಗೆ ಒರಗಿದ್ದ ಮಂಕರಿಗಳನ್ನು ಎತ್ತಿಕೊಂಡಾಗ ಲಕ್ಕಿಯ ವಾಸನೆಯ ಅಡಿಯಲ್ಲಿ ಬೇರೊಂದು ವಾಸನೆ ಅತ್ತೆಯ ಮೂಗಿಗೆ ಬಡಿದಿತ್ತೇ, ಬಡಿದಿದ್ದರೆ ಆ ದಿನ ಬಾಗಿಲ ಮುಂದೆ ಅವಳು ಯಾಕೆ ಬಾಯಿ ಬಿಡಲಿಲ್ಲ, ಅವಳಿಗೆ ಗೊತ್ತಿತ್ತೇ ಇಲ್ಲವೇ, ನನಗೆ ಗೊತ್ತಿಲ್ಲ.