ಮೇಲುಬೀದಿಯವರು ಬಾವಿ ಬರಿದು ಮಾಡಿದ ಬೇಸಿಗೆ

ಮೂವತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಯ ಒಂದು ಮುನ್ಸಿಪಾಲಿಟಿಯಲ್ಲಿ ನೀರು ಸರಬರಾಜಿನ ಓವರ್ಸಿಯರ್ ಆಗಿದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರರ ಪೈಕಿ ಯಾವ ಊರೆಂದು ಹೇಳುವುದಿಲ್ಲ. ಈ ಪ್ರಸಂಗದ ದೊಡ್ಡ ಮನುಷ್ಯರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅಜ್ಜಂದಿರ ಆಸ್ತಿ ಅವರಿಗೆ ಉಳಿಯಿತೋ ಇಲ್ಲವೋ, ಸಿಟ್ಟಂತೂ ಪೂರ್ತಿ ಉಳಿದಿದೆ. ಆದ್ದರಿಂದ ಹೆಸರುಗಳನ್ನೂ ಬದಲಿಸಿದ್ದೇನೆ. ಮೂರೂ ಊರಿನವರು ಇದು ಪಕ್ಕದ ಊರಿನ ಸಂಗತಿ ಎಂದು ಸಮಾಧಾನದಿಂದ ಓದಿಕೊಳ್ಳಬಹುದು.

ಊರ ಮೇಲಿನ ಗುಡ್ಡದಲ್ಲಿ ನೀರು ತುಂಬುವ ಕಲ್ಲಿನ ಟಾಕಿ, ಅಲ್ಲಿಂದ ಇಳಿದು ಬರುವ ಎರಕದ ಕಬ್ಬಿಣದ ಕೊಳವೆ. ಅರ್ಜಿ ಕೊಟ್ಟ ಮನೆಗಳಿಗೆ ಕೊಳವೆಯಿಂದ ಒಂದೊಂದು ನಳ. ಅಷ್ಟು ಅನುಕೂಲ ಇಲ್ಲದವರಿಗೆ ಬೀದಿ ನಳ. ಕೆಳಕೇರಿಯದು ಬೀದಿ ನಳ. ಅಲ್ಲಿ ಎತ್ತಿನ ಗಾಡಿಯವರು, ಲಾರಿಗೆ ಮರದ ನಾಟ ಹೇರುವ ಹಮಾಲರು, ಮುನ್ಸಿಪಾಲಿಟಿಯ ಕಸ ಗುಡಿಸುವವರು ವಾಸವಾಗಿದ್ದರು. ಮೇಲುಬೀದಿಯ ಬಾವಿಗಳ ಹತ್ತಿರ ಅವರಲ್ಲಿ ಯಾರೂ ಸುಳಿಯುವಂತಿರಲಿಲ್ಲ. ನಳ ಬರುವ ಮೊದಲು ಎಮ್ಮೆಗಳು ಬಿದ್ದುಕೊಳ್ಳುವ ಕೆರೆಯೇ ಅವರಿಗೆ ಕುಡಿಯುವ ನೀರು. ವಾಂತಿಭೇದಿ ಬಂದಾಗಲೆಲ್ಲ ಮೊದಲು ಹೋಗುತ್ತಿದ್ದವು ಆ ಕೇರಿಯ ಮಕ್ಕಳು. ನಳ ಬಂದ ಮೇಲೆ ಅದು ನಿಂತಿತ್ತು. ನನ್ನ ನೌಕರಿಯಲ್ಲಿ ನಾನು ಹೆಮ್ಮೆಪಡುವ ಕೆಲಸ ಯಾವುದೆಂದು ಕೇಳಿದರೆ ಆ ಒಂದು ನಳವನ್ನು ತೋರಿಸುತ್ತೇನೆ.

ಟಾಕಿ ಕಟ್ಟಲು ಸರಕಾರದ ಸಾಲ ತಂದಾಗ ಮುನ್ಸಿಪಾಲಿಟಿಯ ಸದಸ್ಯರೆಲ್ಲ ಕೈ ಎತ್ತಿದ್ದರು. ತೀರಿಸುವ ಕಾಲ ಬಂದಾಗ ಹೊಸದಾಗಿ ನೀರುಪಟ್ಟಿ, ಅಂದರೆ ನೀರಿನ ಕರ, ಹಾಕುವ ಠರಾವಿಗೂ ಅವರೇ ಕೈ ಎತ್ತಿದರು. ಕೊಳವೆ ಹಾದುಹೋದ ಬೀದಿಯಲ್ಲಿ ನಳ ಇರಲಿ ಬಿಡಲಿ, ಅನುಕೂಲಸ್ಥರ ಮನೆಯವರೆಲ್ಲ ಅದನ್ನು ಕೊಡಬೇಕು. ಜೊತೆಗೆ ಮನೆಪಟ್ಟಿ, ಗಾಡಿಪಟ್ಟಿಗಳೂ ಏರಿದವು. ಅಡಿಕೆ ದರ ನೆಲ ಕಚ್ಚಿದ್ದ ಕಾಲ ಅದು. ಜನರಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಎತ್ತಿಗೆ ಹಿಂಡಿ ಹಾಕಲು ಗತಿಯಿಲ್ಲದ ಗಾಡಿಯವನು ಗಾಡಿಪಟ್ಟಿಯ ನೋಟೀಸು ಕಂಡು ಬೈದರೆ ನಾನು ಸುಮ್ಮನೆ ನಿಂತು ಬೈಸಿಕೊಳ್ಳುತ್ತಿದ್ದೆ. ನನಗೆ ಹೇಸಿಗೆ ಹುಟ್ಟಿಸಿದವರು ಆ ಸಿಟ್ಟಿನ ಬೆನ್ನೇರಿ ಸವಾರಿ ಮಾಡಿದವರು.

ಅವರಲ್ಲಿ ಮೊದಲಿಗರು ವಕೀಲ ತಿಮ್ಮಣ್ಣ ಹೆಗಡೆ. ಮೇಲುಬೀದಿಯ ದೊಡ್ಡ ಮನೆ, ಮುನ್ಸಿಪಾಲಿಟಿಯ ಸದಸ್ಯತ್ವ, ಕಂಚಿನ ಕಂಠ. ಠರಾವಿಗೆ ಒಳಗೆ ಕೈ ಎತ್ತಿದ ಮನುಷ್ಯ ಅದೇ ವಾರ ಪೇಟೆ ಮೈದಾನದಲ್ಲಿ ನಿಂತು ಮುಷ್ಟಿ ಎತ್ತಿದರು. ‘ಬಡವರ ರಕ್ತ ಹೀರುವ ಕರ’ ಎಂದು ಅವರು ಗುಡುಗಿದಾಗ ಗಾಡಿಯವರು ಚಪ್ಪಾಳೆ ತಟ್ಟಿದರು. ಭಾಷಣ ಮುಗಿದು ಅರ್ಜಿ ಬರೆಯುವಾಗ ಗಾಡಿಪಟ್ಟಿಯ ಸುದ್ದಿಯೇ ಇರಲಿಲ್ಲ. ಅರ್ಜಿಯಲ್ಲಿದ್ದದ್ದು ನೀರುಪಟ್ಟಿ ಒಂದೇ, ಅದೂ ಮೇಲುಬೀದಿಯವರದು. ಆದರೆ ಕಾಯದೆಯ ಪ್ರಕಾರ ನೀರುಪಟ್ಟಿ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದಾರಿ ಹುಡುಕುತ್ತ ವಕೀಲರು ಒಂದು ದಿನ ನನ್ನ ಕಚೇರಿಗೇ ಬಂದರು.

ನಳದೊಳಗೆ ಏನೇನು ಇರುತ್ತದೆ ಎಂದು ವಿನಯದಿಂದ ಕೇಳಿದರು. ಮೇಜಿನ ಮೇಲಿದ್ದ ಒಂದು ನಳವನ್ನು ಬಿಚ್ಚಿ ತೋರಿಸಿದೆ. ನೀರು ಸೋರದಂತೆ ಒಳಗೆ ಒತ್ತಿ ಹಿಡಿಯುವ ಪುಟ್ಟ ಬಿಲ್ಲೆಗೆ ವಾಷರ್ ಎನ್ನುತ್ತಾರೆ. ಆ ಕಾಲದ ವಾಷರುಗಳು ಚರ್ಮದವು. ವಕೀಲರು ಅದನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿ ಬಗ್ಗಿ ನೋಡಿ, ನಿಧಿ ಸಿಕ್ಕವರ ಹಾಗೆ ಮುಖ ಅರಳಿಸಿಕೊಂಡು ಹೋದರು.

ಮುಂದಿನ ವಾರ ಕಲೆಕ್ಟರರಿಗೆ ಅರ್ಜಿ ಹೋಯಿತು. ಮಡಿ ಆಚಾರದ ಮನೆಗಳಲ್ಲಿ ಚರ್ಮ ಸೋಕಿದ ನೀರು ಬಳಸುವುದು ನಿಷಿದ್ಧ, ನಿಷಿದ್ಧವಾದ ನೀರಿಗೆ ಪಟ್ಟಿ ವಸೂಲು ಮಾಡುವುದು ಧರ್ಮದಲ್ಲಿ ಕೈ ಹಾಕಿದಂತೆ, ಇದು ಅದರ ಸಾರ. ಸಹಿ ಹಾಕಿದವರೆಲ್ಲ ಹಲವು ವರ್ಷಗಳಿಂದ ಅದೇ ನೀರನ್ನು ಕುಡಿದು, ಮಿಂದು, ದೇವರ ತಲೆಯ ಮೇಲೂ ಸುರಿದಿದ್ದವರು. ಧರ್ಮಕ್ಕೆ ಕುತ್ತು ಬಂದದ್ದು ನೋಟೀಸು ಬಂದ ಮೇಲೆ. ಹುಬ್ಬಳ್ಳಿಯಿಂದ ರಬ್ಬರಿನ ವಾಷರ್ ತರಿಸಿ ಹಾಕಿಕೊಡುತ್ತೇನೆ ಎಂದು ನಾನು ವಕೀಲರಿಗೆ ಹೇಳಿದೆ.

ಅವರು ನಕ್ಕರು. “ಓವರ್ಸಿಯರೇ, ರಬ್ಬರು ಹಾಕಿಬಿಟ್ರೆ ನನ್ನ ಅರ್ಜೀಲಿ ಎಂತ ಉಳೀತು?”

ಕಲೆಕ್ಟರ್ ಕಚೇರಿ ಅರ್ಜಿಯನ್ನು ನಮ್ಮ ಮುನ್ಸಿಪಾಲಿಟಿಗೇ ತಿರುಗಿಸಿತು. ನಮ್ಮ ಅಧ್ಯಕ್ಷರಿಗೆ ಬೆನ್ನುಮೂಳೆಯೊಂದನ್ನು ಬಿಟ್ಟು ಉಳಿದೆಲ್ಲ ಅಂಗಗಳೂ ಚೆನ್ನಾಗಿದ್ದವು. ಸಭೆ ಸೇರಿಸಿ ಎರಡು ಠರಾವು ಮಾಡಿಸಿದರು. ಧರ್ಮದ ಕಾರಣಕ್ಕೆ ನಳ ಬೇಡವೆಂದು ಬರೆದುಕೊಟ್ಟವರ ನಳ ಕಿತ್ತುಹಾಕಿ ಅವರಿಗೆ ಪಟ್ಟಿ ಮಾಫಿ ಮಾಡುವುದು ಒಂದು. ಅದರಿಂದ ಕಡಿಮೆ ಬೀಳುವ ವರಮಾನಕ್ಕೆ ತಕ್ಕಂತೆ ಖರ್ಚು ಇಳಿಸಲು, ಏನೂ ಹುಟ್ಟದ ಕೆಳಕೇರಿಯ ನಳವನ್ನು ಮುಚ್ಚುವುದು ಇನ್ನೊಂದು. ಎರಡನೆಯದನ್ನು ಸೂಚಿಸಿದವರು ಬಡವರ ರಕ್ತದ ಬಗ್ಗೆ ಮೈದಾನದಲ್ಲಿ ಗುಡುಗಿದ ಅದೇ ವಕೀಲರು. ಗುಡ್ಡದಿಂದ ತಾನಾಗಿ ಇಳಿದು ಬರುವ ನೀರಿಗೆ ಎಂಥ ಖರ್ಚು ಎಂದು ಕೇಳಿದೆ. ಓವರ್ಸಿಯರನಿಗೆ ಸಭೆಯಲ್ಲಿ ಮಾತಾಡುವ ಅಧಿಕಾರವಿಲ್ಲ ಎಂದು ಅಧ್ಯಕ್ಷರು ನೆನಪು ಮಾಡಿಕೊಟ್ಟರು.

ಸುದ್ದಿ ತಿಳಿದು ಹುಸೇನ್‌ಬಿ ಕಚೇರಿಗೆ ಬಂದಳು. ಕೆಳಕೇರಿಯ ಗಾಡಿಯವನೊಬ್ಬನ ವಿಧವೆ. ಗಂಡನ ನಂತರ ಮಗನೊಂದಿಗೆ ಗಾಡಿ ನಡೆಸಿಕೊಂಡಿದ್ದಳು. ಕೆರೆಯ ನೀರಿನ ಕಾಲದಲ್ಲಿ ಒಂದೇ ಮಳೆಗಾಲದಲ್ಲಿ ಎರಡು ಮೊಮ್ಮಕ್ಕಳನ್ನು ಮಣ್ಣು ಮಾಡಿದವಳು. ಮೂರನೆಯದು ನಳದ ನೀರು ಕುಡಿದು ನಡೆಯಲು ಕಲಿತಿತ್ತು. ಅಧ್ಯಕ್ಷರ ಮುಂದೆ ನಿಂತು ನೇರವಾಗಿ ಹೇಳಿದಳು: “ನಮಗೂ ಪಟ್ಟಿ ಹಾಕ್ರಿ ಸಾಹೇಬ್ರ. ಕೇರಿಯವ್ರು ಕೂಡಿ ಕೊಡ್ತೇವಿ. ನಳ ಬಂದ್ ಮಾಡಬ್ಯಾಡ್ರಿ. ಕೂಸು ಆ ಕೆರಿ ನೀರಿಗೆ ಉಳಿಯಂಗಿಲ್ಲ.”

ಇಡೀ ಊರು ಕೊಡುವುದಿಲ್ಲ ಎಂದು ಕೂಗುತ್ತಿದ್ದಾಗ ಕೊಡುತ್ತೇನೆ ಎಂದು ಬಂದವಳು ಅವಳೊಬ್ಬಳೇ. ಬೀದಿ ನಳಕ್ಕೆ ಪಟ್ಟಿ ಹಾಕಲು ನಿಯಮವಿಲ್ಲ ಎಂದು ಹೇಳಿ ಅಧ್ಯಕ್ಷರು ಅವಳನ್ನು ಕಳಿಸಿಬಿಟ್ಟರು. ನನಗೆ ಮೈ ಉರಿದುಹೋಯಿತು.

ಮೇಲುಬೀದಿಯ ನಳಗಳನ್ನು ಸಂತೋಷದಿಂದ ಕಿತ್ತೆ. ಕೆಳಕೇರಿಯ ನಳಕ್ಕೆ ಬಂದಾಗ ಮಾತ್ರ ನನ್ನ ಕೆಲಸ ಬಹಳ ನಿಧಾನವಾಯಿತು. ಕೊಳವೆಯ ನೀರು ನಿಲ್ಲಿಸುವ ಸ್ಟಾಪ್‌ಕಾಕ್ ನೆಲದೊಳಗಿರುತ್ತದೆ. ಅದನ್ನು ತಿರುಗಿಸಲು ಉದ್ದನೆಯ ಕಬ್ಬಿಣದ ಕೀಲಿ ಬೇಕು. ಕೀಲಿ ಸೊಟ್ಟಗಾಗಿದೆ, ಹುಬ್ಬಳ್ಳಿಗೆ ಕಳಿಸಿದ್ದೇನೆ ಎಂದು ಬರೆದೆ. ಕೀಲಿ ನನ್ನ ಮಂಚದ ಕೆಳಗಿತ್ತು. ಹೀಗೆ ಬೇಸಿಗೆಯವರೆಗೆ ತಳ್ಳಿದೆ. ಕೊನೆಗೆ ನಳ ಮುಚ್ಚದಿದ್ದರೆ ನೌಕರಿಯಿಂದ ತೆಗೆಯುವುದಾಗಿ ಅಧ್ಯಕ್ಷರಿಂದ ಬರವಣಿಗೆಯಲ್ಲಿ ಹುಕುಂ ಬಂತು.

ಅಷ್ಟರಲ್ಲಿ ಮೇಲುಬೀದಿಯವರು, ಅವರಿಂದ ಮಾತ್ರ ಸಾಧ್ಯವಾಗುವ ಒಂದು ಕೆಲಸ ಮಾಡಿಕೊಂಡಿದ್ದರು. ವಕೀಲರ ಮಗಳ ಮದುವೆ ವೈಶಾಖದಲ್ಲಿ ಗೊತ್ತಾಗಿತ್ತು. ಬೀಗರು ಸೋಂದಾ ಕಡೆಯವರು, ಆಚಾರದಲ್ಲಿ ಬಿಗಿ. ಚರ್ಮದ ನೀರಿನ ಅರ್ಜಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಇಷ್ಟು ವರ್ಷ ಆ ನೀರು ತುಂಬಿದ ಕೊಡಗಳನ್ನೇ ಬಾವಿಗೂ ಇಳಿಸಿದ್ದೀರಲ್ಲ, ಹಾಗಾದರೆ ಬಾವಿಯೂ ಮೈಲಿಗೆಯಾಗಲಿಲ್ಲವೇ ಎಂದು ಅವರು ಕೇಳಿ ಕಳಿಸಿದರು. ತಾವೇ ಬರೆದ ಅರ್ಜಿ. ಇಲ್ಲ ಎನ್ನುವುದು ಹೇಗೆ? ಪುರೋಹಿತರು ವಿಧಿ ಹೇಳಿದರು: ಬಾವಿಯ ನೀರನ್ನೆಲ್ಲ ಹೊರಚೆಲ್ಲಿ, ತಳ ಕಾಣಿಸಿ, ಪುಣ್ಯಾಹ ಮಾಡಿಸಬೇಕು. ಆಮೇಲೆ ಬರುವ ಹೊಸ ನೀರು ಶುದ್ಧ.

ಸುಡುವ ವೈಶಾಖದಲ್ಲಿ ವಕೀಲರು ಬಾವಿ ಬರಿದು ಮಾಡಿಸಿದರು. ಒಬ್ಬರು ಮಾಡಿದ ಮೇಲೆ ಪಕ್ಕದವರು ಬಿಟ್ಟಾರೆಯೇ? ಸಹಿ ಹಾಕಿದವರ ಬಾವಿಗಳೆಲ್ಲ ಒಂದಾದ ಮೇಲೊಂದು ಬರಿದಾದವು. ನೀರು ರಸ್ತೆಯ ಮೇಲೆಲ್ಲ ಹರಿಯಿತು. ಮಂತ್ರ ಹೇಳಿದರು, ದರ್ಭೆಯಿಂದ ನೀರು ಚಿಮುಕಿಸಿದರು, ದಕ್ಷಿಣೆ ಕೊಟ್ಟರು. ಹೊಸ ನೀರು ಮಾತ್ರ ಬರಲಿಲ್ಲ. ನಳ ಬಂದ ಮೇಲೆ ಖರ್ಚು ಉಳಿಯಿತೆಂದು ಯಾರೂ ಬಾವಿಯ ಹೂಳು ತೆಗೆಸಿರಲಿಲ್ಲ. ಒರತೆಗಳು ಮುಚ್ಚಿಹೋಗಿದ್ದವು. ಮದುವೆಗೆ ಎರಡು ದಿನ ಇರುವಾಗ ವಕೀಲರ ಬಾವಿಯಲ್ಲಿ ಕಪ್ಪೆಗೆ ಮುಳುಗುವಷ್ಟು ನೀರೂ ಇರಲಿಲ್ಲ.

ಅದೇ ಬೆಳಿಗ್ಗೆ ನಾನು ಕೀಲಿ ಹೊತ್ತುಕೊಂಡು ಕೆಳಕೇರಿಗೆ ಹೋದೆ. ಹುಕುಂ ಜೇಬಿನಲ್ಲಿತ್ತು. ನಳದ ಸುತ್ತ ಯಾವತ್ತಿನ ಗದ್ದಲ ಇರಲಿಲ್ಲ. ಹೆಂಗಸರೆಲ್ಲ ದೂರ ಸರಿದು ಸುಮ್ಮನೆ ನಿಂತಿದ್ದರು. ನಳದ ಹತ್ತಿರ ಕೆಂಪು ಸೀರೆಯ ಸೆರಗನ್ನು ಬೋಳು ತಲೆಗೆ ಹೊದ್ದ ಮುದುಕಿಯೊಬ್ಬರು ತಾಮ್ರದ ಕೊಡ ಹಿಡಿದು ನಿಂತಿದ್ದರು. ವಕೀಲರ ವಿಧವೆ ಅಕ್ಕ ಗೌರಕ್ಕ. ನಳ ಬರುವ ಮೊದಲು ಆ ಮನೆಯ ಅಡುಗೆಗೂ ದೇವರಿಗೂ ಬಾವಿಯಿಂದ ನೀರು ಸೇದುತ್ತಿದ್ದವರು ಅವರೊಬ್ಬರೇ. ನಳ ಕಿತ್ತ ದಿನ ಎದುರಿಗೆ ನಿಂತು, ಹಗ್ಗ ಉಜ್ಜಿ ಗಟ್ಟಿಯಾದ ಅಂಗೈಗಳನ್ನು ನೋಡಿಕೊಂಡಿದ್ದರು. ಆಗ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

“ನೀವು ತುಂಬ್ಕೊಳ್ರಿ ಅಮ್ಮಾ, ನಾವು ದೂರ ನಿಂತೇವಿ,” ಎಂದಳು ಹುಸೇನ್‌ಬಿ. ನನ್ನ ಹೆಗಲ ಮೇಲಿನ ಕೀಲಿ ಕಂಡು ಸೇರಿಸಿದಳು: “ಹೆಂಗೂ ಇವತ್ತಿಗೆ ಇದು ಬಂದ್.”

“ಯಾರು ಬಂದ್ ಮಾಡ್ಸದು?”

“ನಿಮ್ಮ ತಮ್ಮನವರೇ ಮಾಡ್ಸಿದ್ದು.”

ಗೌರಕ್ಕ ನನ್ನ ಕಡೆ ತಿರುಗಿದರು. ನಾನು ಹುಕುಂ ಓದಿ ಹೇಳಿದೆ. ಅವರು ಕೊಡವನ್ನು ನೆಲಕ್ಕೆ ಬೋರಲು ಹಾಕಿ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟರು. ತಮ್ಮ ಬರುವವರೆಗೆ ಏಳುವುದಿಲ್ಲ ಎಂದರು. ಮದುವೆ ಮನೆಯ ಹಿರಿಯಳು ಕೆಳಕೇರಿಯಲ್ಲಿ ಕುಳಿತ ಸುದ್ದಿ ಮೇಲುಬೀದಿಗೆ ಮುಟ್ಟಲು ತಡವಾಗಲಿಲ್ಲ. ವಕೀಲರು ಕೊಡೆ ಹಿಡಿದು ಏದುಸಿರು ಬಿಡುತ್ತ ಬಂದರು. ಕೆಳಕೇರಿಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಕ್ಕಾ, ಇಲ್ಲಿ ಎಂತ ಮಾಡ್ತಾ ಇದ್ದೆ? ಏಳು, ಮರ್ಯಾದೆ ಹೋಗ್ತು.”

“ನಾಳೆ ನೆಂಟ್ರು ಬತ್ತ. ಬಾವೀಲಿ ನೀರಿಲ್ಲೆ. ಮರ್ಯಾದೆ ಬೇಯ್ಸಿ ಬಡಿಸ್ಲಾ?” ಎಂದರು ಗೌರಕ್ಕ. “ಇಷ್ಟು ವರ್ಷ ಆನು ನಳದ ನೀರನ್ನೇ ನಿನ್ನ ದೇವ್ರಿಗೆ ಅಭಿಷೇಕಕ್ಕೆ ಕೊಟ್ಟಿದ್ದಿ. ಆವಾಗ ದೇವ್ರು ಎಂತೂ ಹೇಳಿದ್ನಿಲ್ಲೆ. ನೀನೂ ಹೇಳಿದ್ದಿಲ್ಲೆ.”

ಕೇರಿಯ ಹೆಂಗಸರ ನಡುವೆ ಎಲ್ಲೋ ಒಂದು ನಗು ಹೊರಟಿತು. ವಕೀಲರು ನನ್ನ ಕಡೆ ತಿರುಗಿ ದರ್ಪದಿಂದ, ಮದುವೆ ಮುಗಿಯುವವರೆಗೆ ನಳ ಮುಟ್ಟಕೂಡದು ಎಂದರು. ಅಧ್ಯಕ್ಷರ ಹುಕುಂ ಇದೆ, ಸಂಜೆಯೊಳಗೆ ಮುಚ್ಚದಿದ್ದರೆ ನನ್ನ ನೌಕರಿ ಹೋಗುತ್ತದೆ, ಬೇರೆ ಠರಾವು ಬೇಕು ಎಂದೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ನಿಯಮ ಪಾಲಿಸಿರಲಿಲ್ಲ.

ತಿಂಗಳುಗಟ್ಟಲೆ ಕೋರಂ ಸೇರದ ಸಭೆ ಆ ಮಧ್ಯಾಹ್ನ ವಕೀಲರ ಜಗಲಿಯ ಮೇಲೆ ಸೇರಿತು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಕೆಳಕೇರಿಯ ನಳವನ್ನು ಮುಂದಿನ ಠರಾವಿನವರೆಗೆ ತೆರೆದಿಡಬೇಕೆಂದು ಎಲ್ಲರೂ ಕೈ ಎತ್ತಿದರು. ಹರಿಯುವ ನೀರಿಗೆ ದೋಷವಿಲ್ಲ ಎಂಬ ವಚನ ಪುರೋಹಿತರಿಗೂ ಸಕಾಲದಲ್ಲಿ ನೆನಪಾಯಿತು. ಮಡಿಯ ಕಾರಣಕ್ಕೆ ಕೂಲಿಯವರಿಂದ ನೀರು ಹೊರಿಸುವಂತಿರಲಿಲ್ಲ. ಅರ್ಜಿಗೆ ಸಹಿ ಹಾಕಿದ ಮಹನೀಯರು ಒದ್ದೆ ಪಂಚೆ ಉಟ್ಟು, ಕೊಡ ಹಿಡಿದು, ಕೆಳಕೇರಿಯಲ್ಲಿ ಸಾಲಾಗಿ ನಿಂತರು. ಒಬ್ಬರು ಸಾಲು ತಪ್ಪಿಸಿ ಮುಂದೆ ಬಂದಾಗ ಹುಸೇನ್‌ಬಿ ಕೈ ಅಡ್ಡ ಚಾಚಿದಳು. ಮುಟ್ಟಿಬಿಟ್ಟಾಳೆಂದು ಹೆದರಿ ಆ ಮಹನೀಯರು ಹಿಂದಕ್ಕೆ ಸರಿದರು. ಈ ಅಸ್ಪೃಶ್ಯತೆಯಿಂದ ಒಂದು ಒಳ್ಳೆಯ ಕೆಲಸ ಆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮದುವೆ ಆಯಿತು. ಬೀಗರು ಪಾಯಸವನ್ನು ಹೊಗಳಿದರು. ಮಳೆ ಹಿಡಿಯುವ ಮೊದಲೇ ಮೇಲುಬೀದಿಯವರು ನಳ ಮತ್ತೆ ಬೇಕೆಂದು ಹಿಂಬಾಗಿಲಿನಿಂದ ಒಬ್ಬೊಬ್ಬರಾಗಿ ಬರತೊಡಗಿದರು. ವಕೀಲರು ತಮ್ಮ ಗುಮಾಸ್ತನನ್ನು ಕಳಿಸಿದರು. ನೀರುಪಟ್ಟಿಯನ್ನೂ ಸದ್ದಿಲ್ಲದೆ ಕಟ್ಟಿದರು. ಗಾಡಿಪಟ್ಟಿ ಮಾತ್ರ ಇಳಿಯಲಿಲ್ಲ, ಅದಕ್ಕಾಗಿ ಮೈದಾನದಲ್ಲಿ ಯಾರೂ ಗುಡುಗಲೂ ಇಲ್ಲ.

ನಳ ಉಳಿಯಿತಲ್ಲ ಎಂದು ನಾನು ಹುಸೇನ್‌ಬಿಯ ಎದುರು ಹಿಗ್ಗಿದೆ. ಅವಳು ಹಿಗ್ಗಲಿಲ್ಲ. ಮೊಮ್ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಕೇಳಿದಳು: “ಅವ್ರ ಮನ್ಯಾಗ ಮದುವಿ ಇಲ್ಲದ ವರ್ಷ ಏನ್ ಮಾಡೂದ್ರಿ ಸಾಹೇಬ್ರ?”

ಠರಾವು ಮಾಡಿದವರೇ ಇನ್ನೊಂದು ಠರಾವು ಮಾಡಬಲ್ಲರು. ನಾಚಿಕೆ ಎಂಬುದು ಅವರಿಗೆ ಒಂದು ಬೇಸಿಗೆಗಿಂತ ಹೆಚ್ಚು ಬಾಳಿಕೆ ಬರುವ ವಸ್ತುವಲ್ಲ. ಮರುದಿನ ವಕೀಲರ ಮನೆಗೆ ಹೊಸ ಕೊಳವೆ ಹಾಕುವಾಗ ಕೆಳಕೇರಿಗೆ ಪ್ರತ್ಯೇಕವಾಗಿದ್ದ ಸ್ಟಾಪ್‌ಕಾಕನ್ನು ನೆಲದಿಂದ ಕಿತ್ತುಹಾಕಿಸಿದೆ. ವಕೀಲರ ಅಡುಗೆಮನೆಗೂ ಕೆಳಕೇರಿಗೂ ಒಂದೇ ಕವಲು, ಒಂದೇ ಕೀಲಿ ಮಾಡಿದೆ. ಒಂದನ್ನು ಮುಚ್ಚಿದರೆ ಇನ್ನೊಂದೂ ಒಣಗಬೇಕು. ವಕೀಲರಿಗೆ ಇದನ್ನು ನಕ್ಷೆ ಬಿಡಿಸಿ ವಿವರಿಸಿ, ಅರ್ಥವಾಯಿತೇ ಎಂದು ಎರಡು ಸಲ ಕೇಳಿದೆ.

ನಿವೃತ್ತನಾಗುವವರೆಗೆ ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ಬಡವರ ಕೇರಿಗೆ ನೀರು ಒಯ್ಯುವಾಗ ಮೊದಲು ಊರ ದೊಡ್ಡವರ ಮನೆ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡೆ. ಕೊಳವೆ ಎಷ್ಟು ಸುತ್ತು ಬಳಸಿದರೂ ಸರಿ, ಅವರ ಹಿತ್ತಲಿನ ಮೂಲಕವೇ ಎಳೆದೆ. ಮೇಲಧಿಕಾರಿಗಳು ಇದು ಯಾವ ಸೀಮೆಯ ಎಂಜಿನಿಯರಿಂಗ್ ಎಂದು ಗದರಿದ್ದುಂಟು. ಹಾಗೆ ಎಳೆದ ಒಂದು ನಳವನ್ನೂ ಯಾರೂ ಮುಚ್ಚಿಸಲಿಲ್ಲ.