ಬೆರಳ ಗೆಣ್ಣಿನ ಎಣಿಕೆ

ನನಗೆ ಸಿಟ್ಟು ಜಾಸ್ತಿ ಎಂದು ಶಿಕಾರಿಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಅಲ್ಲಗಳೆಯುವುದಿಲ್ಲ. ಸೊರಬದಲ್ಲಿ ಹುಟ್ಟಿ, ಇಲ್ಲಿಗೆ ಬಂದು, ಇಪ್ಪತ್ತು ವರ್ಷದಿಂದ ಹೊಲ ಅಳೆಯುತ್ತಿರುವ ಹೆಂಗಸು ನಾನು. ಮೆತ್ತಗೆ ಮಾತಾಡಿಕೊಂಡಿದ್ದರೆ ಬದುವಿನ ಜಗಳದವರು ಮೊದಲ ವಾರವೇ ನನ್ನನ್ನು ಮನೆಗೆ ಕಳಿಸುತ್ತಿದ್ದರು. ನನ್ನ ಅಳತೆ ತಪ್ಪೆಂದು ಇದುವರೆಗೆ ಒಬ್ಬರೂ ತೋರಿಸಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಬ್ಬಳು ತೋರಿಸಿದಳು. ಅವಳಿಗೆ ಆಗ ಹದಿನೈದು.

ಪೇಟೆಯ ಒಂದು ಹೈಸ್ಕೂಲಿನವರು ಹತ್ತನೇ ತರಗತಿಯ ಮಕ್ಕಳನ್ನು ಶನಿವಾರ ಮಧ್ಯಾಹ್ನ ಊರಿನ ಕೆಲಸಗಾರರ ಜೊತೆ ಕಳಿಸುತ್ತಾರೆ. ಕೆಲವರು ದನದ ಡಾಕ್ಟರ ಹಿಂದೆ, ಕೆಲವರು ವಕೀಲರ ಹಿಂದೆ, ಕೆಲವರು ನನ್ನ ಹಿಂದೆ. ನಾಲ್ಕು ವಾರ ಸುತ್ತಿದ ಮೇಲೆ ಒಬ್ಬೊಬ್ಬರ ಬಗ್ಗೆ ನಾವು ಒಂದು ಹಾಳೆ ಬರೆದುಕೊಡಬೇಕು. ನನ್ನ ಪಾಲಿಗೆ ಮೂವರು ಬಂದರು. ಇಬ್ಬರು ಹುಡುಗರಿಗೆ ಜೀಪು ಹತ್ತುವುದೇ ಖುಷಿ. ಮೂರನೆಯವಳು ಪೇಟೆಯ ಟೈಲರೊಬ್ಬರ ಮಗಳು. ಮೊದಲ ದಿನವೇ ಹೇಳಿಬಿಟ್ಟಳು.

“ಮೇಡಂ, ನಂಗೆ ಸಿವಿಲ್ ಡಿಪ್ಲೊಮಾ ಮಾಡ್ಬೇಕ್ರಿ. ಅಬ್ಬಾ ಅಂಗಡೀಲಿ ಮಿಷನ್ ಮುಂದೆ ಕೂತ್ಕೋ ಅಂತಾರೆ. ನೀವು ಹಾಳೇಲಿ ಏನ್ ಬರೀತೀರೋ ನೋಡಿ ಆಮೇಲೆ ಹೇಳ್ತೀನಿ ಅಂದಾರ್ರಿ.”

“ಕೆಲಸ ನೋಡಿ ಬರೀತೀನಿ, ಮುಖ ನೋಡಿ ಅಲ್ಲ,” ಎಂದೆ.

ಕೊನೆಯ ಶನಿವಾರ ತಾಳಗುಂದದ ಹತ್ತಿರ ಒಂದು ಹೊಲಕ್ಕೆ ಹೋದೆವು. ಅಣ್ಣತಮ್ಮ ಹೊಲವನ್ನು ಸಮಪಾಲು ಮಾಡಿಕೊಳ್ಳುವವರಿದ್ದರು. ಉದ್ದ ಅಳೆದು ನಡುವಿಗೆ ಕಲ್ಲು ನೆಡಬೇಕಿತ್ತು. ನಾವು ಅಳತೆ ಶುರುಮಾಡುವ ಕಡೆಯ ಅರ್ಧ ಅಣ್ಣನಿಗೆ, ಆಚೆಯದು ತಮ್ಮನಿಗೆ. ಅಳೆಯುವ ಯಂತ್ರ ನನ್ನಲ್ಲೂ ಇದೆ, ಆದರೆ ಮಕ್ಕಳಿಗೆ ನಾನು ಸರಪಳಿಯನ್ನೇ ಹಿಡಿಸುವುದು. ಮುಂದಿನವರು ಸರಪಳಿ ಎಳೆದು, ಅದರ ತುದಿಗೆ ಒಂದು ಕಬ್ಬಿಣದ ಕಡ್ಡಿ ಚುಚ್ಚುತ್ತಾರೆ. ಹಿಂದಿನವರು ಅದನ್ನು ಕಿತ್ತುಕೊಂಡು ಬರುತ್ತಾರೆ. ಕೊನೆಗೆ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಹುಡುಗಿ ಮುಂದೆ, ನಾನು ಹಿಂದೆ.

ಜೋಳ ಮುರಿದ ಹೊಲ, ಕಾಲಿಗೆಲ್ಲ ಕೂಳೆ ಚುಚ್ಚುತ್ತಿತ್ತು. ಅರ್ಧ ದಾರಿಯಲ್ಲಿ ಅಣ್ಣನ ಕುರಿಗಳು ಸರಪಳಿಯ ಮೇಲೇ ನುಗ್ಗಿದವು. “ಕುರಿ ಮೇಯ್ಸೋಕೆ ಇವತ್ತೇ ಆಗ್ಬೇಕಿತ್ತೇನ್ರೀ?” ಎಂದು ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದೆ. ತಿರುಗಿ ನೋಡಿದರೆ ಮುಂದೆ ನಿಂತ ಹುಡುಗಿಯ ತುಟಿ ಅಲ್ಲಾಡುತ್ತಿದೆ, ಎಡಗೈ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡಾಡುತ್ತಿದೆ. ನನಗೆ ಇನ್ನೂ ರೇಗಿತು.

“ಏನಮ್ಮ ಅದು ಮಣಮಣ? ಲಕ್ಷ್ಯ ಇಲ್ಲಿರಲಿ,” ಎಂದು ಗದರಿದೆ. ಹಾಳೆಯಲ್ಲಿ ‘ಗಮನ ಸಾಲದು’ ಎಂದು ಬರೆಯುವುದೆಂದು ಅಲ್ಲೇ ಮನಸ್ಸಿನಲ್ಲಿ ತೀರ್ಮಾನಿಸಿಯೂ ಆಯಿತು.

ಹೊಲದ ಕೊನೆ ಮುಟ್ಟಿ ಕಡ್ಡಿ ಎಣಿಸಿದೆ. “ಹನ್ನೊಂದು ಸರಪಳಿ. ಶುರುವಿನಿಂದ ಐದೂವರೆಗೆ ಕಲ್ಲು ನೆಡ್ರಿ,” ಎಂದೆ. ತಮ್ಮ ಹಾರೆ ಎತ್ತಿಕೊಂಡ.

“ಹನ್ನೆರಡಾಗೇತ್ರಿ ಮೇಡಂ,” ಎಂದಳು ಹುಡುಗಿ.

“ಕಡ್ಡಿ ಸುಳ್ಳು ಹೇಳುತ್ತಾ?”

“ಕಡ್ಡಿ ಗೊತ್ತಿಲ್ರಿ. ನಾ ಚುಚ್ಚಿದ್ದು ಹನ್ನೆರಡು.” ಎಡಗೈ ಎತ್ತಿ ತೋರಿಸಿದಳು. ಹೆಬ್ಬೆರಳು ತೋರುಬೆರಳಿನ ತುದಿ ಗೆಣ್ಣಿನ ಮೇಲೆ ಇನ್ನೂ ಒತ್ತಿಕೊಂಡೇ ಇತ್ತು. “ಒಂದೊಂದು ಬೆರಳಿಗೆ ಮೂರ್ಮೂರು ಗೆಣ್ಣು. ಜಪ ಮಾಡೋ ತಸ್ಬೀ ಮಣಿ ಕೈಲಿಲ್ದಾಗ ನಮ್ ದಾದಿ, ಅಬ್ಬಾನ ಅಮ್ಮ, ಹಿಂಗೇ ಎಣಿಸ್ತಾರ್ರಿ. ನಡುವೆ ಯಾರು ಬೈದ್ರೂ ತಪ್ಪಲ್ಲ.”

ಹುಡುಗರಿಬ್ಬರೂ ನೆಲ ನೋಡಿದರು. ಹುಡುಗಿಯ ಹೆಬ್ಬೆರಳು ಕದಲಲಿಲ್ಲ. ಹಾಳೆ ಬರೆಯುವವಳ ಎದುರೇ ಅವಳು ಹಾಗೆ ನಿಂತಿದ್ದಳು. ನಾನು ಬಂದ ದಾರಿಯಲ್ಲೇ ವಾಪಸು ಹೊರಟೆ. ಕುರಿ ನುಗ್ಗಿದ ಜಾಗದಲ್ಲಿ, ಕೂಳೆಯ ನಡುವೆ, ನಾನು ಕೀಳದೆ ಬಿಟ್ಟ ಕಡ್ಡಿ ನೆಟ್ಟಗೆ ನಿಂತಿತ್ತು. ನಾಚಿಕೆಯಾಯಿತು. ಆ ಐದೂವರೆಯ ಕಲ್ಲು ಊರಿದ್ದರೆ ಅಣ್ಣನ ಪಾಲಿನ ನೆಲ ತಮ್ಮನಿಗೆ ಹೋಗುತ್ತಿತ್ತು. ಬೈಗುಳವೂ ಅವನಿಗೇ, ನಷ್ಟವೂ ಅವನಿಗೇ.

“ತಪ್ಪು ನನ್ನದು. ಆರಕ್ಕೆ ನೆಡ್ರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಸೋಮವಾರ ಅವಳ ತಂದೆ ಹಾಳೆ ಹಿಡಿದು ನನ್ನ ಆಫೀಸಿಗೆ ಬಂದರು. ಹೆಗಲ ಮೇಲೆ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು. “ನಂಗೆ ಕನ್ನಡ ಓದಕ್ಕೆ ಬರಲ್ರೀ. ಮಗಳು ಓದಿದ್ಳು, ನಂಬಿಕೆ ಬರ್ಲಿಲ್ಲ. ನೀವೇ ಓದ್ರಿ,” ಎಂದರು.

ಓದಿದೆ. “ನಾನು ಒಂದು ಸರಪಳಿ ತಪ್ಪಿಸಿದೆ. ಇವಳು ಹಿಡಿದಳು. ನಾನು ಗದರಿದರೂ ತನ್ನ ಲೆಕ್ಕ ಬಿಟ್ಟುಕೊಡಲಿಲ್ಲ. ಈ ಕೆಲಸಕ್ಕೆ ಬೇಕಾದ್ದು ಇದೇ.” ಹಾಳೆಯನ್ನು ಅವರ ಕೈಗೆ ವಾಪಸು ಕೊಟ್ಟೆ.

“ಇದ್ನ ನೀವೇ ಬರ್ದಿರಾ?”

“ನಾನೇ.”

“ನಮ್ಮ ಕಸುಬಲ್ಲಿ ಅಳತೆ ತಪ್ಪಿದ್ರೆ ಬಟ್ಟೆ ಕುಗ್ಗೇತಿ ಅಂತೀವ್ರಿ,” ಎಂದು ಸಣ್ಣಗೆ ನಕ್ಕರು. ಆಮೇಲೆ ಕೇಳಿದರು: “ಹೆಂಗೆ ಎಣಿಸಿದ್ಳು?”

ಕಿರುಬೆರಳಿನಿಂದ ಶುರುಮಾಡಿ ತೋರಿಸಿದೆ. ಮಧ್ಯದ ಬೆರಳಿಗೆ ಬರುವಷ್ಟರಲ್ಲಿ ಅವರ ಹೆಬ್ಬೆರಳೂ ಅವರ ಬೆರಳುಗಳ ಮೇಲೆ ನಡೆಯುತ್ತಿತ್ತು.

“ಇದು ನಮ್ ಅಮ್ಮೀದು,” ಎಂದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆ ಜೇಬಿನಲ್ಲಿಟ್ಟುಕೊಂಡರು. “ಡಿಪ್ಲೊಮಾ ಫಾರಂ ಎಲ್ಲಿ ಕೊಡ್ತಾರೆ ಹೇಳ್ರಿ.”